ಸರೋಜಳ ಚೀಟಿಗೆ ನಾನು ಬಡ್ಡಿ ಇಳಿಸಿದ್ದು

ಹತ್ತು ಸಾವಿರದ ಒಂಬೈನೂರು ರೂಪಾಯಿ. ದೇಶದ ಹಣಕಾಸು ನೀತಿಯನ್ನು ಅರ್ಥ ಮಾಡಿಕೊಳ್ಳಲು ನನಗೆ ತಗುಲಿದ ಖರ್ಚು ಇಷ್ಟು. ಇಪ್ಪತ್ತು ಜನಕ್ಕೆ ಹಾಕಿದ ಈರುಳ್ಳಿ ಪಕೋಡ, ಕಾಫಿಯ ಲೆಕ್ಕ ಬೇರೆ. ಕಾಲೇಜಿಗೆ ಸೇರಿ ಕಲಿತಿದ್ದರೆ ಅಗ್ಗವಾಗುತ್ತಿತ್ತೋ ಏನೋ. ಆದರೆ ಅಲ್ಲಿ ಫೀಸಿನ ಮೇಲೆ ಚೌಕಾಸಿ ಮಾಡಲು ಬಿಡುವುದಿಲ್ಲ. ಇಷ್ಟೊಂದು ಖರ್ಚು ಯಾಕಾಯಿತು ಎಂದರೆ, ಹದಿನೈದು ಸಾವಿರ ಉಳಿಸಲು ಹೋಗಿದ್ದೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ಹೊಸಕೋಟೆಯಲ್ಲಿ ಹಳೇ ಮದ್ರಾಸು ರಸ್ತೆಯ ಬದಿಗೆ ನನ್ನದೊಂದು ಅಂಗಡಿ ಇದೆ. ಬೆಂಗಳೂರಿನಲ್ಲಿ ಹಳೇ ಮನೆ ಒಡೆಯುವಾಗ ಸಿಗುವ ಬಾಗಿಲು, ಕಿಟಕಿ, ತೊಲೆ, ಕಂಬಗಳನ್ನು ಕೊಂಡು ತಂದು, ಹೊಸ ಮನೆಯನ್ನು ಹಳೇ ಮನೆಯಂತೆ ಕಾಣಿಸಬೇಕೆಂದು ಆಸೆಪಡುವವರಿಗೆ ಮಾರುತ್ತೇನೆ. ಒಂದು ತಳ್ಳುಗಾಡಿ, ಎರಡು ಕಿಟಕಿಯಿಂದ ಶುರು ಮಾಡಿದವನು. ಯಾರು ಎಷ್ಟು ಹೇಳಿದರೂ ಅದರ ಅರ್ಧಕ್ಕೆ ಕೇಳುವುದು ನನ್ನ ಅಭ್ಯಾಸ. ಡಾಕ್ಟರು ಐದು ದಿನದ ಮಾತ್ರೆ ಬರೆದಾಗಲೂ ಎರಡೂವರೆ ದಿನಕ್ಕೆ ಕೇಳಿದ್ದೇನೆ. ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿ ಇಲ್ಲ ಎಂಬ ಅಭಿಪ್ರಾಯವಿತ್ತು. ಆ ಅಭಿಪ್ರಾಯ ಇಟ್ಟುಕೊಂಡಿದ್ದವನೂ ತಾಲ್ಲೂಕಿನಲ್ಲಿ ನಾನೊಬ್ಬನೇ ಎಂದು ಆಮೇಲೆ ಗೊತ್ತಾಯಿತು.

ನನ್ನ ಹೆಂಡತಿ ಸರೋಜ ಬೀದಿಯವರನ್ನು ಸೇರಿಸಿಕೊಂಡು ಒಂದು ಚೀಟಿ ನಡೆಸುತ್ತಾಳೆ. ಇಪ್ಪತ್ತು ಜನ, ತಿಂಗಳಿಗೆ ಐದೈದು ಸಾವಿರ, ಒಟ್ಟು ಒಂದು ಲಕ್ಷ. ತಿಂಗಳ ಎರಡನೇ ಭಾನುವಾರ ನಮ್ಮ ಜಗಲಿಯ ಮೇಲೆ ಕೂಗು. ದುಡ್ಡು ಬೇಕಾದವರು ಲಕ್ಷದಲ್ಲಿ ನಾನು ಇಷ್ಟು ಬಿಡುತ್ತೇನೆ ಎಂದು ಕೂಗುತ್ತಾರೆ. ಯಾರು ಹೆಚ್ಚು ಬಿಡುತ್ತಾರೋ ಆ ತಿಂಗಳ ಚೀಟಿ ಅವರದು. ಬಿಟ್ಟ ದುಡ್ಡು ಇಪ್ಪತ್ತು ಜನಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ. ಒಮ್ಮೆ ಎತ್ತಿದವರು ಮತ್ತೆ ಕೂಗುವಂತಿಲ್ಲ, ಕೊನೆಯವರೆಗೂ ಕಂತು ಕಟ್ಟಬೇಕು. ನಡೆಸುವವಳು ಎಂಬ ಹಕ್ಕಿನಿಂದ ಮೊದಲ ತಿಂಗಳಿನದನ್ನು ಸರೋಜ ಎತ್ತಿದ್ದಳು. ಆ ಇಪ್ಪತ್ತರಲ್ಲಿ ನನ್ನ ಹೆಸರಿನಲ್ಲೂ ಬೇರೆ ಒಂದು ಪಾಲು ಇತ್ತು. ಕೂಗು ಸಾಮಾನ್ಯವಾಗಿ ಇಪ್ಪತ್ತು ಸಾವಿರದ ಹತ್ತಿರ ನಿಲ್ಲುತ್ತಿತ್ತು. ಎತ್ತಿದವರಿಗೆ ಎಂಬತ್ತು ಸಾವಿರ, ಹಂಚಿಕೆಯಲ್ಲಿ ಎಲ್ಲರಿಗೂ ತಲೆಗೆ ಒಂದು ಸಾವಿರ. ಏಳು ತಿಂಗಳು ಯಾವ ಗಲಾಟೆಯೂ ಇಲ್ಲದೆ ನಡೆಯಿತು. ಏಕೆಂದರೆ ಆ ಏಳು ತಿಂಗಳು ನಾನು ಬಾಯಿ ಹಾಕಿರಲಿಲ್ಲ.

ಎಂಟನೇ ತಿಂಗಳು ಬೆಂಗಳೂರಿನ ಒಂದು ಹಳೇ ಬಂಗಲೆಯ ಮಾಲು ನನ್ನ ಕಣ್ಣಿಗೆ ಬಿತ್ತು. ತೇಗದ ಹದಿನಾಲ್ಕು ಬಾಗಿಲು, ಕೆತ್ತನೆಯ ಚೌಕಟ್ಟು ಸಮೇತ! ಒಡೆಯುವ ಕಾಂಟ್ರ್ಯಾಕ್ಟರು ಒಂದು ಲಕ್ಷದ ಅರವತ್ತು ಸಾವಿರ ಹೇಳಿದ. ಎರಡು ದಿನ ಕೂತು, ಮೂರು ಸಲ ಎದ್ದುಹೋಗಿ, ನಾಲ್ಕು ಸಲ ವಾಪಸು ಬಂದು ತೊಂಬತ್ತೈದು ಸಾವಿರಕ್ಕೆ ಇಳಿಸಿದೆ. ಹತ್ತು ಸಾವಿರ ಮುಂಗಡ ಕೊಟ್ಟೆ. ಉಳಿದ ಎಂಬತ್ತೈದು ಸಾವಿರ ಬುಧವಾರ ಮಧ್ಯಾಹ್ನದೊಳಗೆ ಬರದಿದ್ದರೆ ಬಾಗಿಲೂ ಇಲ್ಲ, ಮುಂಗಡವೂ ಇಲ್ಲ ಎಂದ. ನನಗೇನು ಚಿಂತೆ? ದೇವನಹಳ್ಳಿ ಕಡೆ ಹೋಂಸ್ಟೇ ಕಟ್ಟಿಸುತ್ತಿದ್ದ ಗೌಡರು ಇಂಥ ಬಾಗಿಲಿಗೇ ಕಾಯುತ್ತಿದ್ದರು. ಭಾನುವಾರ ಸರೋಜಳ ಚೀಟಿ ಎತ್ತುವುದು, ಬುಧವಾರ ಬಾಗಿಲು ತರುವುದು, ಗೌಡರಿಗೆ ಮಾರುವುದು. ಇದರಲ್ಲಿ ಒಂದೇ ಒಂದು ವಿಷಯ ನನ್ನ ಹೊಟ್ಟೆ ಉರಿಸುತ್ತಿತ್ತು. ಲಕ್ಷದ ಚೀಟಿ ಎತ್ತಬೇಕಾದರೆ ಇಪ್ಪತ್ತು ಸಾವಿರ ಬಿಡಬೇಕು. ಬಿಡುವುದು ಎಂಬ ಕ್ರಿಯಾಪದವೇ ನನಗೆ ಆಗಿಬರುವುದಿಲ್ಲ.

ಹೀಗಿರುವಾಗ ಶುಕ್ರವಾರ ಟಿ.ವಿ.ಯಲ್ಲಿ ಆ ಸುದ್ದಿ ಬಂತು. ಬ್ಯಾಂಕುಗಳಿಗೇ ಸಾಲ ಕೊಡುವ ದೊಡ್ಡ ಬ್ಯಾಂಕು ತನ್ನ ಬಡ್ಡಿಯನ್ನು, ಅಂದರೆ ರೆಪೋ ದರವನ್ನು, ಕಾಲು ಪರ್ಸೆಂಟು ಇಳಿಸಿತಂತೆ. ಕೋಟು ಹಾಕಿದ ಇಬ್ಬರು ಕೂತು, ಇನ್ನು ಮೇಲೆ ಸಾಲ ಅಗ್ಗವಾಗುತ್ತದೆ, ಜನರ ಕೈಯಲ್ಲಿ ದುಡ್ಡು ಓಡಾಡುತ್ತದೆ, ಮುಂದೆ ಇನ್ನೂ ಇಳಿಯಬಹುದು ಎಂದು ಚರ್ಚಿಸಿದರು. ನಾನು ಎರಡು ಚಾನೆಲ್ ನೋಡಿದೆ. ಮೊಬೈಲಿನಲ್ಲಿ ಒಂದು ವಿಡಿಯೋ ಅರ್ಧ ನೋಡಿದೆ. ಒಟ್ಟು ನಲವತ್ತು ನಿಮಿಷದಲ್ಲಿ ಈ ವಿಷಯದಲ್ಲಿ ತಜ್ಞನಾದೆ.

ಮೊದಲು ಟೆಂಪೋ ಡ್ರೈವರಿನ ಮೇಲೆ ಪ್ರಯೋಗಿಸಿದೆ. ರೆಪೋ ಇಳಿದಿದೆ, ಬಾಡಿಗೆ ಇಳಿಸು ಎಂದೆ. ಡೀಸೆಲ್ ಇಳೀತಾ ಎಂದು ಕೇಳಿದ. ಅದು ಬೇರೆ ಇಲಾಖೆ ಎಂದೆ. ಹಾಗಾದರೆ ಬಾಡಿಗೆಯೂ ಬೇರೆ ಇಲಾಖೆ ಎಂದ. ತಿಳಿವಳಿಕೆ ಇಲ್ಲದ ಮನುಷ್ಯ ಎಂದುಕೊಂಡೆ. ಆಮೇಲೆ ಹೋಂಸ್ಟೇ ಗೌಡರಿಗೆ ಫೋನು ಮಾಡಿ, ಬಾಗಿಲು ಬರುತ್ತಿವೆ ಎಂದು ತಿಳಿಸಿ, ಸಾಲ ಅಗ್ಗವಾಗುತ್ತಿದೆ, ಇನ್ನೂ ಇಳಿಯುತ್ತದೆ, ಧೈರ್ಯವಾಗಿ ಕಟ್ಟಡ ಮುಗಿಸಿ ಎಂದು ಪುಕ್ಕಟೆಯಾಗಿ ಸಲಹೆ ಕೊಟ್ಟೆ. ಈ ಪುಕ್ಕಟೆ ಸಲಹೆಯ ಬೆಲೆ ಆಮೇಲೆ ಬಂತು.

ಶನಿವಾರ ಬೆಳಿಗ್ಗೆ ತಿಂಡಿ ತಿನ್ನುವಾಗ ಸರೋಜಳಿಗೆ ನನ್ನ ಯೋಜನೆ ಮಂಡಿಸಿದೆ. ಇಡೀ ದೇಶದಲ್ಲಿ ಬಡ್ಡಿ ಇಳಿದಿರುವಾಗ ನಮ್ಮ ಜಗಲಿಯಲ್ಲಿ ಮಾತ್ರ ಇಪ್ಪತ್ತು ಸಾವಿರ ಬಿಡುವುದು ನ್ಯಾಯವಲ್ಲ. ಆದ್ದರಿಂದ ಕೂಗಿಗೆ ಒಂದು ಮಿತಿ ಹಾಕೋಣ. ಐದು ಸಾವಿರದ ಮೇಲೆ ಯಾರೂ ಕೂಗಕೂಡದು.

ಸರೋಜ ದೋಸೆ ಮಗುಚಿ ಹಾಕಿ, "ರೀ, ಅದು ಜಾಸ್ತಿ ಇರೋದ್ರಿಂದಾನೇ ಬೇಕಾದವರು ಮಾತ್ರ ಎತ್ತೋದು. ಕಮ್ಮಿ ಮಾಡಿದ್ರೆ ಬೇಡದವರೂ ಬರ್ತಾರೆ" ಎಂದಳು.

ನಾನು ನಕ್ಕೆ. ಪಾಪ, ಎರಡು ಚಾನೆಲ್ ನೋಡಿದವಳಲ್ಲ. ಇದನ್ನು ಸದಸ್ಯರೇ ಮತ ಹಾಕಿ ತೀರ್ಮಾನಿಸಲಿ, ಮುಂಬೈಯಲ್ಲಿಯೂ ಸಮಿತಿಯೇ ತೀರ್ಮಾನ ಮಾಡುವುದು ಎಂದೆ. ಮಾಡ್ಕೊಳ್ಳಿ, ಪಕೋಡಕ್ಕೆ ಈರುಳ್ಳಿ ನೀವೇ ಹೆಚ್ಚಿ ಎಂದಳು. ಹೆಚ್ಚಿದೆ. ನಾಲ್ಕು ಕೇಜಿ! ಅಷ್ಟು ಕಣ್ಣೀರನ್ನು ಹಣಕಾಸು ನೀತಿಗಾಗಿ ಅದಕ್ಕೆ ಮುಂಚೆ ಯಾರೂ ಸುರಿಸಿರಲಾರರು. ಆಮೇಲೆ ಸುರಿಸಿದವನೂ ನಾನೇ.

ಭಾನುವಾರ ಮನೆಮನೆಗೆ ಹೋಗಿ ಕರೆದದ್ದರಿಂದ ಇಪ್ಪತ್ತು ಜನವೂ ಬಂದಿದ್ದರು. ಜಗಲಿ ಸಾಲದೆ ಅಂಗಡಿಯ ಎರಡು ಬೆಂಚು ತಂದು ಹಾಕಿದೆ. ಎದುರಿಗೆ ನಿಂತು, ಕೆಮ್ಮಿ, ಭಾಷಣ ಶುರು ಮಾಡಿದೆ. ದ್ರವ್ಯತೆ ಎಂದೆ. ಹಣದುಬ್ಬರ ಎಂದೆ. ಬೆಳವಣಿಗೆಗೆ ಉತ್ತೇಜನ ಎಂದೆ. ಎಲ್ಲರ ಬಾಯಲ್ಲೂ ಪಕೋಡ ಇತ್ತು.

ಮೊದಲು ಬಾಯಿ ಖಾಲಿಯಾದದ್ದು ಶಮೀಮ್‌ಳದು. ಪಕ್ಕದ ಬೀದಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ, ಲೆಕ್ಕದಲ್ಲಿ ತನ್ನ ಕತ್ತರಿಗಿಂತ ಹರಿತ.

"ಎಷ್ಟು ಇಳಿಸಿದ್ರು ಅಂದ್ರಿ ಅಣ್ಣ?"

"ಕಾಲು ಪರ್ಸೆಂಟು."

"ಇಪ್ಪತ್ತು ಸಾವಿರಕ್ಕೆ ಕಾಲು ಪರ್ಸೆಂಟು ಅಂದ್ರೆ ಐವತ್ತು ರೂಪಾಯಿ. ನೀವು ಹದಿನೈದು ಸಾವಿರ ಇಳಿಸ್ತಾ ಇದೀರಲ್ಲ?"

ಈ ಲೆಕ್ಕವನ್ನು ನಾನು ಮಾಡಿರಲಿಲ್ಲ. ಆದರೆ ವ್ಯಾಪಾರದಲ್ಲಿ ಪಳಗಿದವನು ತಡವರಿಸಬಾರದು. ಅದು ನಗರದ ದರ, ಇದು ಗ್ರಾಮಾಂತರ ಜಿಲ್ಲೆ, ಇಲ್ಲಿ ಪರಿಣಾಮ ತಲುಪುವಾಗ ದೊಡ್ಡದಾಗುತ್ತದೆ ಎಂದೆ. ಶಮೀಮ್ ಹಾಗಾ ಎಂದು ಇನ್ನೊಂದು ಪಕೋಡ ತೆಗೆದುಕೊಂಡಳು.

ಆಗಲೇ ಚೀಟಿ ಎತ್ತಿದ್ದ ಏಳು ಜನ, ತಮಗೆ ತಿಂಗಳಿಗೆ ಬರುತ್ತಿದ್ದ ಸಾವಿರ ಇನ್ನೂರೈವತ್ತಕ್ಕೆ ಇಳಿಯುತ್ತದೆ ಎಂದು ತಕರಾರು ತೆಗೆದರು. ಅವರ ನಾಯಕಿ ನನ್ನ ಹೆಂಡತಿ. ನಾನು ಉಳಿದ ಕಡೆಗೆ ತಿರುಗಿ, ಇನ್ನೂ ಎತ್ತದವರಿಗೆ ತೊಂಬತ್ತೈದು ಸಾವಿರ ಸಿಗುವ ಕಾಲ ಬಂದಿದೆ, ಒಪ್ಪುವವರು ಕೈ ಎತ್ತಿ ಎಂದೆ. ಹದಿಮೂರು ಕೈಗಳು ಒಟ್ಟಿಗೆ ಮೇಲೆದ್ದವು. ಏಳಕ್ಕೆ ಎದುರಾಗಿ ಹದಿಮೂರು! ನನ್ನ ಕಣ್ಣು ತುಂಬಿ ಬಂತು. ಜನಸಾಮಾನ್ಯರಿಗೆ ಆರ್ಥಿಕ ನೀತಿ ಅರ್ಥವಾಗುವುದಿಲ್ಲ ಎನ್ನುವವರು ಆ ಕ್ಷಣ ನಮ್ಮ ಜಗಲಿಗೆ ಬರಬೇಕಿತ್ತು.

ಸರೋಜ ನಿಯಮವನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡು, ಸರಿ, ಯಾರು ಕೂಗುತ್ತೀರಿ ಎಂದಳು. ನಾನು ಅಷ್ಟೇನೂ ಅವಸರವಿಲ್ಲದವನಂತೆ ಗೋಡೆಗೆ ಒರಗಿ, ಐದು ಸಾವಿರ ಎಂದೆ.

"ನಂದೂ ಐದು" ಎಂದಳು ಶಮೀಮ್.

"ನಂಗೂ ಐದು ಹಾಕ್ಕೊ ಸರೋಜ" ಎಂದರು ಮುನಿಯಮ್ಮಜ್ಜಿ. ಇವರು ಸಂತೆಯಲ್ಲಿ ನಲವತ್ತು ವರ್ಷ ಸೊಪ್ಪು ಮಾರಿದವರು. ಏಳು ತಿಂಗಳಲ್ಲಿ ಒಮ್ಮೆಯೂ ಕೂಗಿದವರಲ್ಲ. ಮೊಮ್ಮಗಳ ನರ್ಸಿಂಗ್ ಫೀಸಿಗೆ ಕೊನೆಯಲ್ಲಿ ಎತ್ತುತ್ತೇನೆ ಎಂದು ಮೊದಲ ದಿನವೇ ಹೇಳಿದ್ದರು. ಅವರ ಹಿಂದೆ ಬೆಂಚಿನ ಮೇಲಿದ್ದವರು, ಮೆಟ್ಟಿಲ ಮೇಲಿದ್ದವರು, ಹೀಗೆ ಹದಿಮೂರು ಜನವೂ ಐದು ಸಾವಿರ ಎಂದರು. ಯಾರಿಗೂ ಅಂಥ ಅಗತ್ಯವಿರಲಿಲ್ಲ. ಒಬ್ಬರು ಫ್ರಿಜ್ ಎಂದರು, ಒಬ್ಬರು ಸುಮ್ಮನೆ ಎಂದರು. ಇಷ್ಟು ಅಗ್ಗಕ್ಕೆ ಬಿಟ್ಟರೆ ಮತ್ತೆ ಸಿಗುತ್ತದೆಯೇ ಎಂಬುದು ಎಲ್ಲರ ಪ್ರಶ್ನೆ.

ಐದು ಸಾವಿರದ ಒಂದು ರೂಪಾಯಿ ಎಂದೆ.

ಸರೋಜ ನೋಟುಬುಕ್ಕಿನಿಂದ ತಲೆ ಎತ್ತದೆ, "ಮೇಲೆ ಕೂಗಂಗಿಲ್ಲ ರೀ. ನಿಮ್ದೇ ರೂಲು" ಎಂದಳು.

ಸಮ ಕೂಗು ಬಂದರೆ ಹೆಸರು ಬರೆದು ಎತ್ತುವುದು ಪದ್ಧತಿ. ಹದಿಮೂರು ಹೆಸರು ಬರೆದ ಕಾಗದಗಳನ್ನು ಚೊಂಬಿಗೆ ಹಾಕಿ ಕುಲುಕಿದಳು. ನಾನು ಇನ್ನೊಂದು ಸಲ ಕುಲುಕಲು ಹೇಳಿದೆ. ಕುಲುಕಿದಳು. ಕೈ ಹಾಕಿ ತೆಗೆದಳು. ಮುನಿಯಮ್ಮಜ್ಜಿ! ಅಜ್ಜಿ ಬಾಯೊರೆಸಿಕೊಂಡು, ಸಸ್ತಾ ಸಿಕ್ತು, ಇರ್ಲಿ ಎಂದರು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಅರ್ಧ ಮಾನವಾದರೂ ಉಳಿಯುತ್ತಿತ್ತು. ಆದರೆ ಬುಧವಾರ ನನ್ನ ತಲೆಯಲ್ಲಿ ಗಂಟೆ ಬಾರಿಸುತ್ತಿತ್ತು. ಹತ್ತು ಸಾವಿರ ಮುಂಗಡ, ಹದಿನಾಲ್ಕು ಬಾಗಿಲು. ಎಲ್ಲರೂ ಇನ್ನೂ ಕಾಫಿ ಕುಡಿಯುತ್ತಿರುವಾಗಲೇ ಅಜ್ಜಿಯ ಪಕ್ಕ ಕೂತು, ನಿಮಗೆ ಈಗ ದುಡ್ಡು ಬೇಡವಲ್ಲ, ನನಗೆ ಎಂಬತ್ತೈದು ಸಾವಿರ ಕೈಸಾಲ ಕೊಡಿ, ಒಂದು ತಿಂಗಳಲ್ಲಿ ಕೊಡುತ್ತೇನೆ ಎಂದೆ.

"ಯಾವತ್ತು ಬೇಕಪ್ಪಾ?"

"ಬುಧವಾರದೊಳಗೆ ಅಜ್ಜಿ."

ಆ ಮಾತು ಬಾಯಿಂದ ಜಾರಿದ ಕೂಡಲೇ ಗೊತ್ತಾಯಿತು. ಇಪ್ಪತ್ತೈದು ವರ್ಷದ ವ್ಯಾಪಾರದಲ್ಲಿ ನನ್ನೆದುರು ಕೂತವರು ದಿನಾಂಕ ಹೇಳಿದ ಕೂಡಲೇ ನಾನು ರೇಟು ಏರಿಸಿದ್ದೇನೆ. ಅಜ್ಜಿ ಅದನ್ನೇ ಮಾಡಿದರು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ, ಮೊದಲ ತಿಂಗಳಿನದು ಮುಂಚೇನೇ ಹಿಡ್ಕೋತೀನಿ ಎಂದರು.

"ಅಜ್ಜಿ, ದೇಶದಲ್ಲೆಲ್ಲ ಬಡ್ಡಿ ಇಳಿದೈತೆ. ಈಗ ತಾನೆ ಹೇಳಿದ್ನಲ್ಲ."

"ಅದು ಅವರ ದುಡ್ಡು ಕಣಪ್ಪಾ. ಇದು ನಂದು."

ಎರಡು ಚಾನೆಲ್ಲಿನಲ್ಲೂ ಇದಕ್ಕೆ ಉತ್ತರ ಹೇಳಿರಲಿಲ್ಲ. ಅಭ್ಯಾಸಬಲದಿಂದ ಅರ್ಧಕ್ಕೆ ಕೇಳಿದೆ. ಒಂದೂವರೆ ಎಂದೆ. ಅಜ್ಜಿ ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ನೋಡಿದರು. ಎರಡು ಎಂದೆ.

"ಎರಡು ಅಂದ್ರೆ ಮನೇಲಿ ಕೇಳ್ಬೇಕು. ಗುರುವಾರ ಹೇಳ್ತೀನಿ."

ಮೂರಕ್ಕೆ ಒಪ್ಪಿದೆ. ಎರಡು ಸಾವಿರದ ಐನೂರೈವತ್ತು ಹಿಡಿದುಕೊಂಡು ಉಳಿದದ್ದು ಕೊಟ್ಟರು. ಹಿಡಿದುಕೊಂಡ ಅಷ್ಟನ್ನು ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ತುಂಬಿಸಿದೆ. ಬುಧವಾರ ಬಾಗಿಲುಗಳು ಬಂದವು. ಮುಂಗಡ ಉಳಿಯಿತು. ಇನ್ನೇನು, ಗೌಡರಿಗೆ ಮಾರಿ ಅಜ್ಜಿಯ ಸಾಲ ತೀರಿಸಿದರೆ ಮುಗಿಯಿತು!

ಗೌಡರಿಗೆ ಫೋನು ಮಾಡಿದೆ. ಅವರು ಬಹಳ ಸಂತೋಷದಿಂದ ಮಾತಾಡಿದರು.

"ರಾಜಣ್ಣ, ನೀವು ಹೇಳಿದ ಮಾತು ಕೇಳಿ ನಾನು ಕೆಲಸ ನಿಲ್ಲಿಸ್ಬಿಟ್ಟೆ. ಬಡ್ಡಿ ಇನ್ನೂ ಇಳಿಯುತ್ತೆ ಅಂದ್ರಲ್ಲ. ಇಳೀಲಿ, ಆಮೇಲೆ ಲೋನ್ ತಗೊಂಡು ಬಾಗಿಲು, ಟೈಲ್ಸು ಎಲ್ಲ ಒಂದೇ ಸಲ ಮಾಡಿಸ್ತೀನಿ. ಒಳ್ಳೇ ಟೈಮಿಗೆ ಹೇಳಿದ್ರಿ."

ಇಳಿಯುವುದಿಲ್ಲ, ಏರಿದರೂ ಏರಬಹುದು, ಈಗಲೇ ತೆಗೆದುಕೊಳ್ಳಿ ಎಂದು ಗೋಗರೆದೆ. ಅವರು ನಕ್ಕು, ಟಿ.ವಿ.ಯಲ್ಲೂ ಇಳಿಯುತ್ತೆ ಅಂತಲೇ ಅಂದರು ರಾಜಣ್ಣ ಎಂದು ಫೋನು ಇಟ್ಟರು. ನಾನು ಆವರೆಗೆ ಹೇಳಿದ ಸುಳ್ಳುಗಳಲ್ಲಿ ಒಂದನ್ನೂ ಗೌಡರು ನಂಬಿರಲಿಲ್ಲ. ಹೇಳಿದ ಒಂದೇ ಒಂದು ನಿಜವನ್ನು ನಂಬಿಬಿಟ್ಟಿದ್ದರು.

ಬಾಗಿಲು ಮಾರಾಟವಾಗಲಿಲ್ಲ. ತಿಂಗಳು ಓಡಿತು. ಅಜ್ಜಿ ದಿನಾ ಬೆಳಿಗ್ಗೆ ಅಂಗಡಿಯ ಮುಂದೆ ಹೋಗುವಾಗ ಏನೂ ಕೇಳುತ್ತಿರಲಿಲ್ಲ, ಬಾಗಿಲುಗಳನ್ನು ಒಂದೊಂದಾಗಿ ಎಣಿಸಿಕೊಂಡು ಹೋಗುತ್ತಿದ್ದರು. ಸಾಲ ತೀರಿಸಲು ಒಂಬತ್ತನೇ ತಿಂಗಳ ಚೀಟಿ ಎತ್ತುವುದೊಂದೇ ದಾರಿ. ಆದರೆ ಐದು ಸಾವಿರದ ಮಿತಿ ಇದ್ದರೆ ಮತ್ತೆ ಚೊಂಬು, ಮತ್ತೆ ಹನ್ನೆರಡು ಹೆಸರು! ಆದ್ದರಿಂದ ನಾನು ತಂದ ನೀತಿಯನ್ನು ತೆಗೆದುಹಾಕಬೇಕೆಂದು ನಾನೇ ಮನೆಮನೆಗೆ ಹೋಗಿ ಕೈಮುಗಿದೆ. ಹಿಂದಿನ ತಿಂಗಳು ಇದೇ ಬಾಗಿಲುಗಳಲ್ಲಿ ನಿಂತು ಸಾಲ ಅಗ್ಗವಾದರೆ ದೇಶ ಉದ್ಧಾರ ಎಂದವನು, ಈಗ ಸಾಲ ದುಬಾರಿಯಾಗಿರುವುದೇ ಧರ್ಮ ಎಂದು ಬೋಧಿಸಿದೆ. ಯಾರೂ ವಾದ ಮಾಡಲಿಲ್ಲ. ಭಾನುವಾರ ಇಪ್ಪತ್ತಕ್ಕೆ ಇಪ್ಪತ್ತು ಕೈಗಳೂ ಎದ್ದವು. ಈ ಸಲವೂ ನಾನು ಅದನ್ನು ನನ್ನ ಮಾತಿನ ಪ್ರಭಾವ ಎಂದುಕೊಂಡೆ.

ಕೂಗು ಶುರುವಾಯಿತು. ಹದಿನೈದು, ಹದಿನೆಂಟು, ಇಪ್ಪತ್ತು. ಇಷ್ಟಕ್ಕೆ ನಿಲ್ಲಬೇಕಿತ್ತು. ಶಮೀಮ್ ಇಪ್ಪತ್ತೆರಡು ಎಂದಳು. ನಾನು ಇಪ್ಪತ್ಮೂರು. ಅವಳು ಇಪ್ಪತ್ನಾಲ್ಕು. ನಾನು ಏರಿದಷ್ಟೂ ಅವಳು ಕಾಫಿ ಹೀರುತ್ತಾ ಏರಿದಳು. ನನಗೆ ಅಜ್ಜಿಯ ಗಡುವು ಇದೆ ಎಂದು ಜಗಲಿಗೆಲ್ಲ ಗೊತ್ತು, ನಾನೇ ಎಲ್ಲರೆದುರು ಕೂತು ಹೇಳಿದ್ದೆನಲ್ಲ. ಇನ್ನು ಮುನಿಯಮ್ಮಜ್ಜಿ ಚೀಟಿ ಎತ್ತಿಯಾಗಿದ್ದರಿಂದ, ಕೂಗು ಏರಿದಷ್ಟೂ ಅವರಿಗೆ ಲಾಭ. ಪ್ರತಿ ಕೂಗಿಗೂ, ಬಿಡಬೇಡ ಶಮೀಮು, ಹೊಸ ಹೊಲಿಗೆ ಮಿಶಿನ್ ತಗೋಬೋದು ಎಂದು ಹುರಿದುಂಬಿಸುತ್ತಿದ್ದರು. ಶಮೀಮ್ ಇಪ್ಪತ್ತೇಳೂವರೆ ಎಂದಳು. ನಾನು ಕಣ್ಣು ಮುಚ್ಚಿ ಇಪ್ಪತ್ತೆಂಟು ಎಂದೆ.

ಶಮೀಮ್ ಲೋಟ ಕೆಳಗಿಟ್ಟಳು.

"ಆಯ್ತು ಅಣ್ಣ, ನೀವೇ ತಗೊಳ್ಳಿ. ನಂಗೆ ಈ ತಿಂಗಳು ಬೇಡವೇ ಬೇಡ."

ಒಬ್ಬೊಬ್ಬರ ಪಾಲಿಗೆ ಒಂದು ಸಾವಿರದ ನಾನೂರು ಬಂತು. ಸರೋಜಳಿಗೂ ಬಂತು. ಅವಳು ಅದನ್ನು ನನ್ನ ಎದುರಿಗೇ ಎಣಿಸಿದಳು. ನನಗೆ ಎಪ್ಪತ್ತೆರಡು ಸಾವಿರ ಸಿಕ್ಕಿತು. ಅಜ್ಜಿಗೆ ಕೊಡಬೇಕಾದ ಎಂಬತ್ತೈದಕ್ಕೆ ಹದಿಮೂರು ಕಡಿಮೆ ಬಿತ್ತು. ಇಪ್ಪತ್ತಕ್ಕೆ ಕಡಿಮೆ ಕೊಡುವುದಿಲ್ಲ ಎಂದು ಎರಡು ವರ್ಷದಿಂದ ಹಟ ಹಿಡಿದು ಇಟ್ಟುಕೊಂಡಿದ್ದ ಬೀಟೆ ಮರದ ಉಯ್ಯಾಲೆಯನ್ನು ಹದಿಮೂರಕ್ಕೆ ಕೊಟ್ಟು ತುಂಬಿಸಿದೆ. ಮೊದಲು ಹೇಳಿದ ಹತ್ತು ಸಾವಿರದ ಒಂಬೈನೂರು ಎಂದರೆ ಅಜ್ಜಿಯ ಬಡ್ಡಿ, ಮಾಮೂಲಿಗಿಂತ ಹೆಚ್ಚು ಬಿಟ್ಟ ಎಂಟು ಸಾವಿರ, ಹಿಂದಿನ ತಿಂಗಳ ಹಂಚಿಕೆಯಲ್ಲಿ ಹೋದ ಏಳುನೂರೈವತ್ತು ಕೂಡಿಸಿ, ಈ ತಿಂಗಳ ಹಂಚಿಕೆಯಲ್ಲಿ ಹೆಚ್ಚು ಬಂದ ನಾನೂರು ಕಳೆದದ್ದು. ಉಯ್ಯಾಲೆಯ ನಷ್ಟವನ್ನು ಆ ಲೆಕ್ಕಕ್ಕೆ ಸೇರಿಸಿಲ್ಲ. ಸೇರಿಸಿದರೆ ಬರೆಯಲು ಕೈ ಏಳುವುದಿಲ್ಲ.

ಆ ಸಂಜೆ ಸರೋಜಳನ್ನು, ನಿನಗೆ ಇದೆಲ್ಲ ಮೊದಲೇ ಹೇಗೆ ಗೊತ್ತಿತ್ತು ಎಂದು ಕೇಳಿದೆ. ಯಾವ ಚಾನೆಲ್ ನೋಡುತ್ತೀಯ ಎಂದೂ ಕೇಳಿದೆ. ಅವಳು ಒಣಗಿದ ಬಟ್ಟೆ ಮಡಿಸುತ್ತಾ, ಹದಿನೆಂಟು ವರ್ಷದಿಂದ ಚೀಟಿ ನಡೆಸ್ತಾ ಇದೀನಿ, ಯಾರಿಗೆ ಯಾವಾಗ ದುಡ್ಡು ಬೇಕು ಅನ್ನೋದು ಕೂಗೋ ದನಿಯಲ್ಲೇ ಗೊತ್ತಾಗುತ್ತೆ ಎಂದಳು. ನನ್ನ ದನಿ ಹೇಗಿತ್ತು ಎಂದೆ. ಅವಳು ಒಂದು ಟವೆಲ್ ನನ್ನ ಕೈಗೆ ಕೊಟ್ಟಳು, ಮಡಿಸಲು.

ಇಷ್ಟು ಹಣ ತೆತ್ತು ಕಲಿತ ಮೇಲೆ ಸಲಹೆ ಕೊಡದೆ ಹೋದರೆ ಮನಸ್ಸು ತಡೆಯುವುದಿಲ್ಲ. ಆದ್ದರಿಂದ ಓದುಗರೇ, ಕೇಳಿಸಿಕೊಳ್ಳಿ. ಟಿ.ವಿ.ಯಲ್ಲಿ ಬಡ್ಡಿ ಇಳಿಯಿತು ಎಂದರೆ ಮೊದಲು ನಿಮ್ಮ ಸಾಲದ ಬ್ಯಾಂಕಿಗೆ ಹೋಗಿ, ನನಗೆ ಇಳಿಯಿತೇ, ಯಾವಾಗ ಇಳಿಯುತ್ತದೆ, ಕಂತು ಕಡಿಮೆಯಾಗುತ್ತದೋ ಕಂತುಗಳ ಸಂಖ್ಯೆ ಕಡಿಮೆಯಾಗುತ್ತದೋ ಎಂದು ಕೇಳಿ, ಬರೆಸಿಕೊಳ್ಳಿ. ಸಿಕ್ಕುವ ಮೊದಲೇ ಆ ಉಳಿತಾಯವನ್ನು ಖರ್ಚು ಮಾಡಬೇಡಿ. ನಿಮ್ಮ ಗಿರಾಕಿಗೆ ಬಡ್ಡಿ ಇನ್ನೂ ಇಳಿಯುತ್ತದೆ ಎಂದು ಸತ್ತರೂ ಹೇಳಬೇಡಿ. ಸಾಲ ಕೇಳುವಾಗ ದುಡ್ಡು ಎಷ್ಟು ಬೇಕೆಂದು ಹೇಳಿ, ಯಾವ ದಿನ ಬೇಕೆಂದು ಹೇಳಬೇಡಿ. ಸೊಪ್ಪು ಮಾರಿದವರ ಹತ್ತಿರವಂತೂ ಎರಡನ್ನೂ ಹೇಳಬೇಡಿ.

ಕೊನೆಯದಾಗಿ, ನೀವು ನಾಲ್ಕು ಜನರನ್ನು ಕೂರಿಸಿಕೊಂಡು ಹಣಕಾಸು ನೀತಿ ವಿವರಿಸಿದಾಗ ಎಲ್ಲರೂ ಪಟ್ಟನೆ ಕೈ ಎತ್ತಿದರೆ, ಇವರಿಗೆ ಅರ್ಥವಾಯಿತಲ್ಲ ಎಂದು ಹಿಗ್ಗಬೇಡಿ. ಅರ್ಥವಾಗಿದೆ, ನಿಜ. ಆ ಜಾಗದಲ್ಲಿ ಅರ್ಥವಾಗದವರು ಒಬ್ಬರೇ ಇರುತ್ತಾರೆ. ಅವರು ನಿಂತುಕೊಂಡಿರುತ್ತಾರೆ.